ಮಹಡಿಯ ಮೇಲಿನ ತಂತಿ

ಸೋಪಿನ ನೊರೆ ಮೊಣಕೈವರೆಗೂ ಹತ್ತಿದೆ, ಈ ಮೇಜುಬಟ್ಟೆಯ ಮೂಲೆಯಲ್ಲಿ ಯಾರೋ ಚಹಾ ಚೆಲ್ಲಿ ಅದರ ಮೇಲೇ ಲೋಟ ಇಟ್ಟಿದ್ದಾರೆ, ಗುಂಡನೆಯ ಕಲೆ, ಇದು ಹೋಗುತ್ತದೆ, ಹೋಗದ ಕಲೆ ಬೇರೆ — ನಾಡಿದ್ದಿಗೆ ಬೇಕು ಅಂದ ನಗರಸಭೆ ಕಚೇರಿಯವನು, ಬೆಳಿಗ್ಗೆ ಗಂಟು ತಂದು ಕೌಂಟರಿನ ಮೇಲೆ ಎತ್ತಿಹಾಕಿ, ಚೌಕದಲ್ಲಿ ಕಾರಂಜಿ ಉದ್ಘಾಟನೆ ಕಣಮ್ಮ, ದೊಡ್ಡವರೆಲ್ಲ ಬರ್ತಾರೆ, ಕತ್ತಲಾದ ಮೇಲೆ ನೀರಿಗೆ ನೀಲಿ ದೀಪ ಬಿಡ್ತಾರಂತೆ, ನೋಡೋಕೆ ಎರಡು ಕಣ್ಣು ಸಾಲದು, ಸ್ವಲ್ಪ ನೀಲಿ ಹಾಕಿ ಜಾಲಾಡಿಸು, ಬೆಳ್ಳಗೆ ಹೊಳೀಬೇಕು. ನಮ್ಮಂಗಡೀಲಿ ನೀಲಿ ಇಡಲ್ಲ ಅಂದೆ. ಲಾಂಡ್ರಿ ಇಟ್ಕೊಂಡು ನೀಲಿ ಇಡಲ್ವಾ ಎಂದು ಹಲ್ಲು ಕಿರಿದ. ಅದೇ ಚೌಕ. ಅವತ್ತು ಪೊಲೀಸರ ನೀರಿನ ಲಾರಿ ನಿಂತಿದ್ದ ಜಾಗದಲ್ಲೇ ಕಾರಂಜಿ, ಅದಕ್ಕೆ ನೀಲಿ ದೀಪ, ಇವರಿಗೆ ಬೇರೊಂದು ಬಣ್ಣ ಸಿಗಲಿಲ್ಲವೇ, ಹಸಿರೋ ಹಳದಿಯೋ, ಇವರ ಮನೆ ಹಾಳಾಗ, ತಣ್ಣೀರಿನಲ್ಲಿ ಕೈಯಿಟ್ಟುಕೊಂಡೂ ಮೈ ಉರಿಯುತ್ತದೆ.

ತಮ್ಮ ಅವತ್ತು ಹಿಂಬಾಗಿಲಿನಿಂದ ಬಂದಿದ್ದ, ನೆತ್ತಿಯಿಂದ ಪಾದದವರೆಗೆ ನೀಲಿ, ಅಕ್ಕಾ ನಗಬೇಡ ಅಂದ, ಅವನೇ ನಗುತ್ತಿದ್ದ, ಹಲ್ಲು ಮಾತ್ರ ಬೆಳ್ಳಗೆ. ಹಾಸ್ಟೆಲಿನಿಂದ ಪೊಲೀಸರು ಎತ್ತಿಕೊಂಡು ಹೋದ ಗೆಳೆಯನನ್ನು ಬಿಡಿ ಎಂದು ಕೇಳಲು ಹೋಗಿದ್ದರು ಕಾಲೇಜಿನವರೆಲ್ಲ, ಕೈಯಲ್ಲಿ ರಟ್ಟಿನ ಹಲಗೆ ಬಿಟ್ಟರೆ ಬೇರೇನಿಲ್ಲ, ಮೊದಲು ಬಣ್ಣದ ನೀರು, ಆಮೇಲೆ ಲಾಠಿ, ಆಮೇಲೆ ಗುಂಡು — ಬಣ್ಣ ಯಾಕೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ, ಓಡಿದವರನ್ನು ಮನೆಮನೆ ಹೊಕ್ಕು ಹುಡುಕುವುದಕ್ಕೆ, ಕುರಿಗಳಿಗೆ ಗುರುತು ಹಾಕುತ್ತಾರಲ್ಲ, ಹಾಗೆ. ಅಮ್ಮ ಅವನನ್ನು ಬಚ್ಚಲಿಗೆ ತಳ್ಳಿ ಉಜ್ಜಿದಳು, ನಿಂಬೆಹಣ್ಣು, ಸೀಮೆಎಣ್ಣೆ, ಕೊನೆಗೆ ಇಟ್ಟಿಗೆಪುಡಿ, ಅಮ್ಮಾ ಚರ್ಮ ಕಿತ್ತು ಬರುತ್ತೆ ಕಣೇ, ಬರ್ಲಿ ಬಿಡು, ಹೊಸದು ಬೆಳೆಯುತ್ತೆ. ಬಲಗಿವಿಯ ಹಿಂದೆ ಒಂದಿಷ್ಟು ಉಳಿದೇ ಉಳಿಯಿತು. ಆಮೇಲೆ ಅಂಗಿ. ಬೇರೆ ಯಾರಾದರೂ ಆಗಿದ್ದರೆ ಒಲೆಗೆ ಹಾಕುತ್ತಿದ್ದರು, ಹೂತು ಹಾಕುತ್ತಿದ್ದರು, ಅಮ್ಮ ಲಾಂಡ್ರಿಯವಳು, ಕಲೆಯಾದ ಬಟ್ಟೆ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ, ನೆನೆಸಿದಳು, ತಿಕ್ಕಿದಳು, ಹಿಂಡಿದಳು, ಹಿಂಡಿದ ಬಟ್ಟೆಯನ್ನು ಕೈಯಲ್ಲಿ ಹಿಡಿದ ಮೇಲೆ ಅವಳ ಕಾಲುಗಳು ತಾವಾಗಿಯೇ ಮೆಟ್ಟಿಲು ಹತ್ತಿದವು, ಮಹಡಿಯ ತಂತಿಗೆ ಹಾಕಿ ಎರಡು ಕ್ಲಿಪ್ಪು ಸಿಕ್ಕಿಸಿ ಬಂದಳು, ದಿನವೂ ಮಾಡುವ ಕೆಲಸ, ಬೀದಿಗೆ ಕಾಣುತ್ತದೆ ಎಂಬುದು ತಲೆಗೇ ಹೋಗಲಿಲ್ಲ. ತಂತಿಯ ಮೇಲೆ ನೀಲಿ ಅಂಗಿ, ಒಂದು ತೋಳು ಜೋತುಬಿದ್ದು ತೊಟ್ಟಿಕ್ಕುತ್ತಿದೆ. ಜೀಪು ನಿಂತಿತು. ತಮ್ಮ ಊಟದ ತಟ್ಟೆಯ ಮುಂದೆ ಕೂತಿದ್ದ, ಕೈ ತೊಳೆಯಲೂ ಬಿಡಲಿಲ್ಲ. ಠಾಣೆಯ ಮಹಡಿಯಿಂದ ಹಾರಿಕೊಂಡ ಎಂದರು ಆಮೇಲೆ, ಹೆಣ ಕೊಡುವಾಗ. ಆ ಠಾಣೆಗೆ ಮಹಡಿಯೇ ಇಲ್ಲ. ಸುಳ್ಳು ಹೇಳುವುದಕ್ಕಾದರೂ ಕಟ್ಟಡದ ಕಡೆ ಒಮ್ಮೆ ತಲೆಯೆತ್ತಿ ನೋಡಬಾರದೇ ಬೋಳೀಮಕ್ಕಳು! ಮುಖ ಗುರುತು ಸಿಗದ ಹಾಗಾಗಿತ್ತು, ಕಿವಿಯ ಹಿಂದಿನ ನೀಲಿ ನೋಡಿ ಅಮ್ಮ ಹೌದು ಅಂದಳು.

ಅವತ್ತಿನಿಂದ ನಮ್ಮಲ್ಲಿ ಬಟ್ಟೆ ಹೊರಗೆ ಒಣಗುವುದಿಲ್ಲ, ಮಹಡಿಯ ಬಾಗಿಲಿಗೆ ಚಿಲಕ, ಎಲ್ಲ ಒಳಕೋಣೆಯಲ್ಲಿ ಫ್ಯಾನಿನ ಕೆಳಗೆ, ಮುಗ್ಗಲು ವಾಸನೆ ಬರುತ್ತೆ ಅಂತ ಗಿರಾಕಿಗಳು ಮೂಗು ಮುರಿಯುತ್ತಾರೆ, ಮುರಿಯಲಿ. ಮೊದಮೊದಲು ಆ ದಿನ ಬಂದರೆ ಜನ ಚೌಕದಲ್ಲಿ ಮೇಣದಬತ್ತಿ ಹಚ್ಚುತ್ತಿದ್ದರು, ಆಮೇಲೆ ನಾಲ್ಕೈದು ಮಂದಿ, ಆಮೇಲೆ ಟ್ರಾಫಿಕ್ಕಿಗೆ ತೊಂದರೆ ಎಂದು ಅದೂ ನಿಂತಿತು, ಮಕ್ಕಳ ಪಾಠದಲ್ಲಿ ಒಂದೇ ಸಾಲು, ನೀರು ಸಿಂಪಡಿಸಿ ಗುಂಪನ್ನು ಚದುರಿಸಲಾಯಿತು, ಸಿಂಪಡಿಸಿ ಅಂತೆ, ಹೂಗಿಡಕ್ಕೆ ಹಾಕಿದ ಹಾಗೆ. ಬೆಳಿಗ್ಗೆ ತಡೆಯಲಾರದೆ ಆ ಕಚೇರಿಯವನನ್ನು ಕೇಳಿಯೇಬಿಟ್ಟೆ, ಆ ಚೌಕದಲ್ಲಿ ಹುಡುಗ್ರು ಸತ್ತಿದ್ದು ಗೊತ್ತೇನ್ರಿ ನಿಮಗೆ. ಅಯ್ಯೋ ಹಳೇ ಕಥೆ ಕಣಮ್ಮ ಅದು, ನೀರು ಹಾಕಿದ್ರು ಅಷ್ಟೇ, ಮಿಕ್ಕಿದ್ದೆಲ್ಲ ಜನ ಕಟ್ಟಿದ್ದು. ಒಳಕೋಣೆಯ ಪರದೆ ಸರಿಯಿತು, ಅಮ್ಮ, ಗಿರಾಕಿಗಳ ಎದುರು ಬರದ ಅಮ್ಮ, ಈಗ ಹೇಳುತ್ತಾಳೆ, ಇಷ್ಟು ವರ್ಷದ ಮೇಲೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ, ಹೇಳಮ್ಮ, ಹೇಳು — ಅಮ್ಮ ಅವನಿಗೆ ಕೈ ಮುಗಿದಳು. ತಪ್ಪು ನಂದೇ ಸ್ವಾಮಿ, ಅಂಗಿ ಒಣಗಹಾಕಿದ್ದು ನಾನೇ. ಅವನಿಗೆ ತಲೆಬುಡ ತಿಳಿಯಲಿಲ್ಲ, ಆದರೂ ದೊಡ್ಡ ಮನಸ್ಸು ಮಾಡಿದ, ಹೋಗ್ಲಿ ಬಿಡಿ ಅಮ್ಮ, ಆಗಿದ್ದು ಆಗ್ಹೋಯ್ತು, ನಿಮ್ಮನ್ನ ಯಾರೂ ಏನೂ ಅನ್ನಲ್ಲ. ಕ್ಷಮಿಸಿಬಿಟ್ಟ! ಅವರು, ಅಮ್ಮನನ್ನು! ಅಮ್ಮನ ಮುಖ ಹಗುರವಾಯಿತಲ್ಲ, ನಿಟ್ಟುಸಿರು ಬಿಟ್ಟಳಲ್ಲ, ಗುಂಡಿಗಿಂತ ಅದೇ ಹೆಚ್ಚು ಹೊಟ್ಟೆ ಉರಿಸುತ್ತದೆ, ಕೊಂದದ್ದೂ ಅವರೇ, ಕೊಲೆಯ ಭಾರವನ್ನು ಇವಳ ತಲೆಗೆ ಹೊರಿಸಿದ್ದೂ ಅವರೇ, ಈಗ ಇಳಿಸುವವರೂ ಅವರೇ.

ಕಲೆ ಹೋಯಿತು. ಹಿಂಡುತ್ತೇನೆ, ಕೈ ನೋಯುವಷ್ಟು, ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲಿನ ಕಡೆ, ಎಲ್ಲಿಗೇ, ಒಳಗೆ ಹಾಕೇ, ಅಮ್ಮ ಹಿಂದೆಯೇ ಬರುತ್ತಿದ್ದಾಳೆ, ನೀನು ಅಂಗಿ ಒಣಗಹಾಕಿದೆ ಅಷ್ಟೇ ಕಣಮ್ಮ, ಕೊಂದಿದ್ದು ಅವರು, ಅವರು! ಮೆಲ್ಲಗೆ ಮಾತಾಡೇ, ಬೀದಿಗೆ ಕೇಳುತ್ತೆ. ಕೇಳಲಿ. ತುಕ್ಕು ಹಿಡಿದ ಚಿಲಕ, ಒದೆಯುತ್ತೇನೆ, ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ತಂತಿ ಹಾಗೇ ಇದೆ, ಕ್ಲಿಪ್ಪುಗಳೂ, ಅಂಗಿಯನ್ನು ಕಿತ್ತುಕೊಂಡು ಹೋದವರು ಕ್ಲಿಪ್ಪು ಬಿಟ್ಟು ಹೋಗಿದ್ದರು, ಇನ್ನೂ ಕಚ್ಚಿಕೊಂಡು ಕೂತಿವೆ. ಅಮ್ಮ ಬಾಗಿಲಲ್ಲೇ ನಿಂತಳು, ಹೊಸ್ತಿಲು ದಾಟಲೊಲ್ಲಳು. ಹರಡುತ್ತೇನೆ, ಬಿಳಿ ಮೇಜುಬಟ್ಟೆ, ನೋಡಮ್ಮ, ಬರೀ ಬಿಳಿ ಬಟ್ಟೆ, ಬಾ ಈಚೆಗೆ — ಅಮ್ಮ ಬಟ್ಟೆ ನೋಡುತ್ತಿಲ್ಲ, ಕೆಳಗೆ ಬೀದಿಯಲ್ಲಿ ಯಾವುದೋ ಗಾಡಿ ನಿಂತ ಸದ್ದು, ಅವಳ ಕೈ ತೆಗೆ ತೆಗೆ ಎನ್ನುತ್ತಿದೆ, ತೆಗೆಯುವುದಿಲ್ಲ, ನಾನು ತೆಗೆಯುವುದಿಲ್ಲ, ಬಿಳಿಯದೇ ಹಾಕಿದ್ದು, ಬಿಳಿಯದೇ — ತಂತಿಯ ಮೇಲೆ ನೀಲಿ ಅಂಗಿ, ಒಂದು ತೋಳು ಜೋತುಬಿದ್ದು ತೊಟ್ಟಿಕ್ಕುತ್ತಿದೆ, ತೊಟ್ಟಿಕ್ಕುತ್ತಿದೆ