ಸ್ವಪ್ನಾಗೆ ಹಸಿವಾಗಿದೆ

ಆ ಗೊಂಬೆಯನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ರಾಯಚೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನನ್ನ ತಮ್ಮ ಬಸವಪ್ರಸಾದ ಅದನ್ನು ಹೈದರಾಬಾದಿನಿಂದ ಸೋದರ ಸೊಸೆಗೆಂದು ತಂದಿದ್ದ. ಅಂಗೈಯಷ್ಟು ಎತ್ತರ, ಹಸಿರು ಅಂಗಿ ತೊಟ್ಟು ಈಟಿ ಹಿಡಿದ ಹುಡುಗಿ, ಕಾಲ ಕೆಳಗೆ ಗುಂಡನೆಯ ಪೀಠ. ಟಿವಿಗೆ ಜೋಡಿಸಿದ ತಟ್ಟೆಯ ಮೇಲೆ ನಿಲ್ಲಿಸಿದರೆ ಅದೇ ಹುಡುಗಿ ಟಿವಿಯೊಳಗೆ ಎದ್ದು ಬಂದು ಕಾದಾಟಕ್ಕೆ ನಿಲ್ಲುತ್ತಿದ್ದಳು. ಹೆಸರಿಡು ಎಂದಾಗ ನನ್ನ ಮಗಳು ತನ್ನದೇ ಹೆಸರಿಟ್ಟಳು, ಸ್ವಪ್ನಾ ಅಂತ.

"ನಾ ಹೆಂಗ ಆಡ್ತೀನಿ ಅದನ್ನ ನೋಡಿ ಕಲೀತದಬೇ. ಆಮ್ಯಾಲ ನಾ ಬಟನ್ ಒತ್ತದಿದ್ರೂ ನನ್ನಂಗ ಆಡ್ತದ" ಎನ್ನುತ್ತಿದ್ದಳು.

"ಹಂಗಾರ ಅದಕ್ಕ ಒಂದೀಟು ಮಗ್ಗಿನೂ ಕಲಿಸು, ಪರೀಕ್ಷಾಕ್ಕ ಅದನ್ನ ಕಳಸೋಣು" ಎಂದು ನಾನು ಚುಚ್ಚುತ್ತಿದ್ದೆ.

ಮಾನ್ವಿಯಲ್ಲಿ ನಮ್ಮದು ಅಕ್ಕಿ ಗಿರಣಿ. ಸಂಜೆ ತಲೆ ತುಂಬ ತೌಡಿನ ಧೂಳು ಹೊತ್ತು ಬರುವ ನನ್ನ ಗಂಡ ಉದಯಕುಮಾರ ಕೈಕಾಲು ತೊಳೆಯುವುದರೊಳಗೆ ಮಗಳು ಟಿವಿಯೊಳಗಿನ ಎದುರಾಳಿಯನ್ನು ಆಡಿಸಲು ಎಳೆದು ಕೂರಿಸುತ್ತಿದ್ದಳು. ಭತ್ತ ಉಜ್ಜಿ ಉಜ್ಜಿ ಒರಟಾದ ಅವರ ಬೆರಳಿಗೆ ಆ ಸಣ್ಣ ಬಟನ್ನುಗಳು ಒಗ್ಗುತ್ತಿರಲಿಲ್ಲ. ಸಿಕ್ಕಿದ್ದೆಲ್ಲ ಒತ್ತುತ್ತಿದ್ದರು, ಎದುರಿನವಳು ಬಿದ್ದರೂ ಬಿಡದೆ ಬಡಿಯುತ್ತಿದ್ದರು, ಬಹಳ ಸಲ ತಾವೇ ಬೀಳುತ್ತಿದ್ದರು. ಅಪ್ಪ ಬಿದ್ದಾಗ ಮಾತ್ರ ಅವಳು ಹೊಡೆಯುತ್ತಿರಲಿಲ್ಲ. ದೂರ ಸರಿದು, ನಿಂತಲ್ಲೇ ಎರಡು ಸಲ ಜಿಗಿದು, ಕಾಯುತ್ತಿದ್ದಳು. "ಏಳಪ್ಪಾ, ನೀ ಏಳೋತನಕ ನಾ ಹೊಡಿಯಂಗಿಲ್ಲ."

ಹೋದ ವರ್ಷ ಮಳೆಗಾಲದಲ್ಲಿ ಅವಳಿಗೆ ಡೆಂಗ್ಯೂ ಬಂತು. ರಾಯಚೂರಿನ ಆಸ್ಪತ್ರೆಗೆ ಹೋಗುವಾಗ ಕಾರಿನಲ್ಲಿ ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದಳು. ವಾಪಸು ಬರುವಾಗ ಮಾತಿರಲಿಲ್ಲ. ದೇವದುರ್ಗದಿಂದ ಮಾತಾಡಿಸಲು ಬಂದ ನೆಂಟರು ನಮ್ಮ ಪಡಸಾಲೆಯಲ್ಲಿ ಕೂತು, ಆಯುಷ್ಯ ಅಷ್ಟೇ ಇತ್ತು ಬಿಡ್ರಿ ಎಂದರು. ಅವರನ್ನೆಲ್ಲ ಹೊರಗೆ ನೂಕಿ ಗೇಟಿಗೆ ಬೀಗ ಜಡಿಯಬೇಕೆನಿಸಿತು. ಒಳಗೆ ಹೋಗಿ ಚಹಾಕ್ಕಿಟ್ಟೆ.

ಕಾರ್ಯ ಎಲ್ಲ ಮುಗಿದ ಮೇಲೆ ಒಂದು ಸಂಜೆ ಇವರು ಗೊಂಬೆಯನ್ನು ತಟ್ಟೆಯ ಮೇಲೆ ನಿಲ್ಲಿಸಿದರು. ಬಂದ್ ಮಾಡ್ರಿ ಎಂದು ಕೂಗಿಕೊಂಡೇ ಅಡಿಗೆಮನೆಯಿಂದ ಬಂದೆ. ಅಷ್ಟರಲ್ಲಿ ಇವರು ಆಟದಲ್ಲಿ ಬಿದ್ದಿದ್ದರು. ಟಿವಿಯೊಳಗಿನ ಹುಡುಗಿ ಹೊಡೆಯಲಿಲ್ಲ. ದೂರ ಸರಿದಳು, ಎರಡು ಸಲ ಜಿಗಿದಳು, ಅಪ್ಪ ಏಳುವವರೆಗೆ ಕಾದಳು. ನಾನು ಇವರ ಪಕ್ಕ ನೆಲದ ಮೇಲೆ ಕೂತೆ. ಅಂದಿನಿಂದ ದೀಪ ಹಚ್ಚಿದವಳೇ ಟಿವಿ ಮುಂದೆ ಬಂದು ಕೂರುತ್ತಿದ್ದೆ. ಆ ಹೊತ್ತಿಗಾಗಿ ಇಡೀ ದಿನ ಕಾಯುತ್ತಿದ್ದೆ, ಆಗ ನನಗೆ ಸಂತೋಷವಾಗುತ್ತಿತ್ತು.

ಮುಂದಿನ ಅಮಾವಾಸ್ಯೆ. ಆಟ ಮುಗಿದಾಗ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಮೂಡಿತು. ಇವರು ಮುಂದೆ ಬಗ್ಗಿ ಅದನ್ನು ಓದಿದರು.

"ಏನಂತದ ಅದು?" ಎಂದು ನಮ್ಮ ಅತ್ತೆ ವೀರಭದ್ರಮ್ಮ ಕೇಳಿದರು.

"ಸ್ವಪ್ನಾಗ ಹಸಿವಾಗೇದಂತ, ಯವ್ವಾ."

ಅತ್ತೆ ಎದ್ದು ನಿಂತರು. ಅಮಾವಾಸ್ಯೆ ದಿನ ತೀರಿಕೊಂಡವರಿಗೆ ಎಡೆ ಹಿಡಿಯುವ ಮನೆ ನಮ್ಮದು. ಮಗಳ ಫೋಟೋದ ಮುಂದೆ ಇಟ್ಟಿದ್ದ ಹೋಳಿಗೆ, ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿಯ ತಾಟನ್ನು ಎತ್ತಿ ತಂದು ಟಿವಿಯ ಮುಂದಿಟ್ಟರು. "ಕೂಸು ಬಾಯಿಬಿಟ್ಟು ಕೇಳಾಕತ್ತದ, ಕುಂತು ನೋಡ್ತೀಯಲ್ಲೋ" ಎಂದು ಮಗನನ್ನು ಗದರಿದರು. ಆಟದೊಳಗೂ ತಿನಿಸುಗಳಿದ್ದವು. ಇವರು ಒಂದು ಹಣ್ಣು ಆರಿಸಿ ಕೊಟ್ಟರು. ಟಿವಿಯೊಳಗಿನ ಹುಡುಗಿ ತಿಂದು ಖುಷಿಯಿಂದ ಕುಣಿದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, ಕೂಸು ಮುಂದಿನ ಅಮಾಸಿತನಕ ಉಪವಾಸ ಇರಬೇಕೇನು ಎಂದರು. ಹಾಗೆ ದಿನವೂ ಊಟ ಶುರುವಾಯಿತು. ಯಾವ ಹಣ್ಣು ಎಂದು ನಾನೇ ಬೆರಳು ಮಾಡಿ ತೋರಿಸುತ್ತಿದ್ದೆ. ಮಗಳು ಗಟ್ಟಿಯಾಗುತ್ತ ಹೋದಳು.

ಬರಬರುತ್ತ ಅವಳು ಜಿಗಿಯುವುದು ಕಡಿಮೆಯಾಯಿತು. ಸಿಟ್ಟು ಬಂದಿರಬೇಕು ಎಂದುಕೊಂಡೆವು. ಬದುಕಿದ್ದಾಗಲೂ ಹಾಗೇ ಮುನಿಸಿಕೊಳ್ಳುತ್ತಿದ್ದಳಲ್ಲ.

ವರ್ಷದ ಕಾರ್ಯಕ್ಕೆ ಬಸವಪ್ರಸಾದ ಬಂದ. ಸಂಜೆ ಅತ್ತೆ ಅಡಿಗೆಮನೆಯಲ್ಲಿದ್ದಾಗ ನಮ್ಮಿಬ್ಬರ ಜೊತೆ ಕೂತು ಆಟ ನೋಡಿದ. ಇವರು ಬಿದ್ದರು. ಅವಳು ದೂರ ಸರಿಯಲಿಲ್ಲ. ಬಿದ್ದವರ ಮೇಲೆ ಈಟಿಯಿಂದ ಬಡಿದಳು, ಏಳಲು ಹೋದಾಗ ಮತ್ತೆ ಬಡಿದಳು, ಆಟ ಮುಗಿಯುವತನಕ ಬಡಿಯುತ್ತಲೇ ಇದ್ದಳು.

"ಇದಕ್ಕ ದಿನಾ ತಿನಿಸೀರೇನಕ್ಕಾ?" ತಮ್ಮನ ದನಿ ಇಳಿದಿತ್ತು.

"ಹಸಿವು ಅಂತಾಳಲ್ಲೋ. ಕೊಡದ ಇರಬೇಕೇನು?"

"ತಿಂದಂಗೆಲ್ಲ ಅದರ ಗುಣ ಬದಲಾಗ್ತದಕ್ಕಾ, ಹಳೇದು ಹೋಗ್ತದ. ಮತ್ತ, ಯಾರ ಜೋಡಿ ಕಾದಾಡ್ತದ ಅವರನ್ನ ನೋಡಿ ಹೊಸದು ಕಲೀತದ. ವರ್ಷ ಪೂರ್ತಿ ಮಾವನ್ನ ನೋಡೇದದು."

ಇವರು ಕೈಯಲ್ಲಿದ್ದ ಆಟದ ರಿಮೋಟನ್ನು ಕೆಳಗಿಟ್ಟರು. "ಅಂದ್ರ ಈಗ ಹೊಡದಾಕಿ ಸ್ವಪ್ನಾ ಅಲ್ಲ?"

ಉತ್ತರವನ್ನೂ ಇವರೇ ಹೇಳಿದರು, "ನಾನ ಅದು."

ನಾನು ತಮ್ಮನ ತೋಳು ಹಿಡಿದು ಅಲುಗಿಸಿದೆ. ಮೊದಲಿನಂಗ ಮಾಡಿಕೊಡು, ಇಷ್ಟೆಲ್ಲ ಓದೀಯಲ್ಲ, ಮಾಡು ಅಂದೆ. ಹಿಂದಕ್ಕೆ ಹೋಗುವುದಿಲ್ಲ ಎಂದ. ಉಳಿದದ್ದು ಉಳಿಯಬೇಕೆಂದರೆ ಇನ್ನು ಆಡಬಾರದು, ತಿನಿಸಬಾರದು, ತಟ್ಟೆಯ ಮೇಲೇ ಇಡಬಾರದು ಎಂದ. ಅಷ್ಟರಲ್ಲಿ ಟಿವಿಯಲ್ಲಿ ಹೊಸ ಆಟ ತಾನೇ ಶುರುವಾಗಿತ್ತು. ಎದುರಿಗೆ ಯಾರೂ ಅಲುಗಾಡದ್ದನ್ನು ಕಂಡು ಅವಳು ಸ್ವಲ್ಪ ಹೊತ್ತು ನಿಂತಳು. ಒಂದು ಸಲ ಜಿಗಿದಳು. ಎರಡನೆಯದಕ್ಕೆ ನಾನು ಕಾದೆ, ಅದು ಬರಲಿಲ್ಲ. ಈಟಿ ಎತ್ತಿ ಅಪ್ಪನ ಕಡೆ ಓಡಿದಳು. ನಾನು ತಟ್ಟೆಯಿಂದ ಗೊಂಬೆಯನ್ನು ಎತ್ತಿಬಿಟ್ಟೆ.

ಈಗ ಅದು ಅವಳ ಹಳೇ ಲಂಗದಲ್ಲಿ ಸುತ್ತಿಕೊಂಡು ನನ್ನ ಅಲ್ಮಾರಿಯಲ್ಲಿದೆ. ಕೀಲಿಕೈ ನನ್ನ ಸೊಂಟದಲ್ಲಿ. ಅತ್ತೆಗೆ ನಾವು ಏನೂ ಹೇಳಿಲ್ಲ, ಹೇಳುವ ಧೈರ್ಯ ನಮ್ಮಿಬ್ಬರಿಗೂ ಇಲ್ಲ. ಮೊಣಕಾಲು ಹಿಡಿದುಕೊಂಡಿದ್ದರಿಂದ ಅವರೀಗ ಅಡಿಗೆಮನೆ ಬಿಟ್ಟು ಹೊರಗೆ ಬರುವುದು ಕಡಿಮೆ. ನಿನ್ನೆ ಅಮಾವಾಸ್ಯೆ. ಹೋಳಿಗೆ ಬೇಯಿಸಿ, ಮಿರ್ಚಿ ಕರಿದು, ಬಿಸಿ ಆರುವ ಮೊದಲೇ ಕೊಡು ಎಂದು ತಾಟನ್ನು ನನ್ನ ಕೈಗಿತ್ತರು. ನಾನು ಬಂದ್ ಆದ ಟಿವಿಯ ಮುಂದೆ ಅದನ್ನಿಟ್ಟು, ಅಲ್ಮಾರಿಗೆ ಬೆನ್ನು ಕೊಟ್ಟು ಕೂತೆ. ಇವರು ಅಂಗಳಕ್ಕೆ ಹೋಗಿ ನಿಂತರು. ತಾಟು ವಾಪಸು ಒಯ್ದಾಗ ಅತ್ತೆ ಒಲೆಯ ಕಡೆಯಿಂದ ತಿರುಗಿ ಕೇಳಿದರು.

"ಕೂಸು ಉಂಡಳೇನು?"

"ಹೊಟ್ಟಿ ತುಂಬ ಉಂಡಳ್ರೀ ಅತ್ತಿ" ಎಂದೆ.