ಕೈ ಬಿಟ್ಟ ಹದಿನೆಂಟು

"ಇಷ್ಟು ಜನ ಯಾವಾಗ ಸತ್ರು?"

ಯಾರ ಮುಖವನ್ನೂ ನೋಡದೆ, ತನ್ನಷ್ಟಕ್ಕೇ ಎಂಬಂತೆ ಕೇಳಿದವಳು ಸೂಲಗಿತ್ತಿ ರಹಮತುನ್ನೀಸಾ. ನಾವು ಊರಿನವರೆಲ್ಲ ಅವಳನ್ನು ಬೂಬಮ್ಮ ಎನ್ನುತ್ತಿದ್ದೆವು. ಶಾಲೆಯ ಜಗಲಿ ಕಂಬಕ್ಕೆ ಒರಗಿ ಕೂತಿದ್ದಳು. ನಾನು ಅವಳಿಂದ ಎರಡು ಮಾರು ಆಚೆಗಿದ್ದೆ. ಮುಂದೆ ಮೇಜಿನ ಬಳಿ ಚೆನ್ನರಾಯಪ್ಪ ಮೇಷ್ಟ್ರು ಆಗತಾನೆ ಓದಿ ಮುಗಿಸಿ ಕನ್ನಡಕ ತೆಗೆದಿದ್ದರು.

ಅದು ತೊಂಬತ್ತೊಂದನೆಯ ಇಸವಿ. ಸಾದಲಿಯಿಂದ ಎರಡು ಮೈಲಿ ಒಳಗಿರುವ ನಮ್ಮ ಊರಿನಲ್ಲಿ ಆರೋಗ್ಯ ಕೇಂದ್ರ ಕಟ್ಟಿಸಿ ಒಬ್ಬ ನರ್ಸನ್ನು ಇಡಲು ಬೆಂಗಳೂರಿನ ಒಂದು ಸಂಸ್ಥೆ ಅನುದಾನ ಕೊಡುವುದರಲ್ಲಿತ್ತು. ಅರ್ಜಿ ಬರೆದವರು ಮೇಷ್ಟ್ರು. ಅದು ನಿಜವೋ ಎಂದು ನೋಡಿ ಹೋಗಲು ಸಂಸ್ಥೆಯ ಒಬ್ಬ ಹೆಂಗಸು, ಒಬ್ಬ ಗಂಡಸು ಜೀಪಿನಲ್ಲಿ ಬಂದಿದ್ದರು. ಅರ್ಜಿಯನ್ನು ಊರ ಮುಂದೆ ಓದಬೇಕೆಂಬುದು ಅವರ ನಿಯಮ.

ಮೇಷ್ಟ್ರು ಓದಿದ ಸಾಲು ಇದು: "ಕಳೆದ ಹತ್ತು ವರ್ಷಗಳಲ್ಲಿ ಈ ಗ್ರಾಮದ ಹದಿನೆಂಟು ತಾಯಂದಿರು ಅರಿವಿಲ್ಲದ ಸೂಲಗಿತ್ತಿಯ ಕೈಯಲ್ಲಿ ಮಡಿದಿದ್ದಾರೆ."

ಮಡಿದಿದ್ದಾರೆ ಎಂಬಲ್ಲಿ ಅವರು ದನಿ ಎಳೆದು ನಿಲ್ಲಿಸಿದ ರೀತಿ ನನಗೆ ಚೆನ್ನಾಗಿ ಗೊತ್ತು. ಶನಿವಾರ ಸಂಜೆ ರಾಮಮಂದಿರದಲ್ಲಿ ಕಾವ್ಯ ಓದುವಾಗ, ರಣದಲ್ಲಿ ಮಗ ಬಿದ್ದ ಪದ್ಯಕ್ಕೆ ಬಂದರೆ ಹೀಗೇ ನಿಲ್ಲಿಸುತ್ತಿದ್ದರು. ಅಕ್ಷರ ಕಲಿಯುವ ಮೊದಲಿನಿಂದಲೂ ನಾನು ಆ ದನಿಯ ಮುಂದೆ ಕೈಮುಗಿದು ಕೂತವನು. ಬೂಬಮ್ಮ ಹೊರಗಟ್ಟೆಯ ಮೇಲೆ ಕೂತು ಕೇಳುತ್ತಿದ್ದಳು. ಅಳುವ ಜಾಗ ಬಂದರೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಆ ದನಿಯಲ್ಲಿ ಸುಳ್ಳೂ ಬರಬಹುದೆಂದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ.

ಹದಿನೆಂಟು ಎಲ್ಲಿಂದ ಬಂತೆಂದು ನನಗೆ ಹೊಳೆಯಲು ಹೊತ್ತು ಹಿಡಿಯಲಿಲ್ಲ. ಎರಡು ತಿಂಗಳ ಹಿಂದೆ ಮೇಷ್ಟ್ರು ಅರ್ಜಿಗೆಂದು ಬೂಬಮ್ಮನ ಮನೆ ಬಾಗಿಲಲ್ಲಿ ಪುಸ್ತಕ ಹಿಡಿದು ಕೂತಾಗ ನಾನೂ ಜೊತೆಗಿದ್ದೆ. ಅವಳು ಒಂದೊಂದೇ ಮನೆ ನೆನೆದು, ಬೆರಳು ಮಡಿಸಿ, "ನಾನು ಕೈ ಬಿಟ್ಟಿದ್ದು ಹದಿನೆಂಟು ಕಣಪ್ಪ" ಅಂದಿದ್ದಳು. ಬೂಬಮ್ಮ ಕೈ ಬಿಟ್ಟಳು ಅಂದರೆ ನಮ್ಮೂರಲ್ಲಿ ಒಂದೇ ಅರ್ಥ. ಹೆರಿಗೆ ತನ್ನಿಂದ ಆಗುವುದಿಲ್ಲ ಎಂದು ಕಂಡ ಕೂಡಲೇ ಕೈ ತೊಳೆದು ಎದ್ದು, "ಗಾಡಿ ಕಟ್ಟಿ, ಚಿಂತಾಮಣಿ ಆಸ್ಪತ್ರೆಗೆ ನಡೀರಿ" ಅನ್ನುತ್ತಿದ್ದಳು. ಹಾಗೆ ಹೋದವರಲ್ಲಿ ಹದಿನೇಳು ಜನ ಮಗು ಎತ್ತಿಕೊಂಡು ವಾಪಸು ಬಂದರು.

ಬಾರದವಳು ನನ್ನ ಹೆಂಡತಿ ಶ್ಯಾಮಲಮ್ಮ. ಬೂಬಮ್ಮ ಅವಳನ್ನು ಕೈ ಬಿಟ್ಟಿದ್ದು ಬೆಳಗ್ಗೆ ಎಂಟಕ್ಕೆ. ಅಂದು ನಮ್ಮ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ಹಂತಕ್ಕೆ ಬಂದಿದ್ದವು. ಹಣ್ಣಾದ ಹುಳುವನ್ನು ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ತಟ್ಟೆಯಲ್ಲೇ ಗೂಡು ಸುತ್ತಿ ಬೆಳೆ ಕೆಡುತ್ತದೆ. ಇದೊಂದು ತಟ್ಟೆ ಮುಗಿಯಲಿ, ಇನ್ನೊಂದು ಮುಗಿಯಲಿ ಎಂದುಕೊಂಡು ನಾನು ಗಾಡಿ ಕಟ್ಟಿದ್ದು ಮಧ್ಯಾಹ್ನ. ದಾರಿಯಲ್ಲೇ ಹೋದಳು. ಇದು ಬೂಬಮ್ಮನಿಗೆ ಗೊತ್ತಿತ್ತು. ಮೇಷ್ಟ್ರಿಗೆ ನಾನೇ ಮಂದಿರದಲ್ಲಿ ಅತ್ತು ಹೇಳಿಕೊಂಡಿದ್ದೆ.

ಜೀಪಿನ ಹೆಂಗಸು ಕಾಗದ ತಿರುವಿ, "ಆ ಸೂಲಗಿತ್ತಿಯ ಹೇಳಿಕೆ ಬೇಕಾಗುತ್ತೆ. ಅವರ ಸಹಿ ಇಲ್ಲದೆ ಇದು ಮುಂದೆ ಹೋಗಲ್ಲ" ಎಂದಳು. ಮೇಷ್ಟ್ರು ನನ್ನನ್ನು ಕಣ್ಣಲ್ಲೇ ಕರೆದು ಶಾಲೆಯ ಹಿಂದಕ್ಕೆ ನಡೆದರು.

"ಮೇಷ್ಟ್ರೇ, ಬೂಬಮ್ಮ ಹೇಳಿದ್ದು ಹಂಗಲ್ಲ. ಕೈ ಬಿಟ್ಟಿದ್ದು ಅಂದ್ರೆ…"

"ನಂಗೆ ಗೊತ್ತಿಲ್ವೇನೋ? ನಾನೇನು ಹೊರಗಿನೋನಾ?"

"ಗೊತ್ತಿದ್ದೂ ಬರೆದ್ರಾ?"

"ಒಬ್ರು ಸತ್ರು ಅಂತ ಬರೆದಿದ್ರೆ ಆ ಜೀಪು ಸಾದಲಿ ದಾಟ್ತಿರ್ಲಿಲ್ಲ ಕಣೋ. ಗೌರಿಬಿದನೂರು ಕಡೆ ಯಾವುದೋ ಊರಿನೋರು ಇಪ್ಪತ್ತೆರಡು ಅಂತ ಬರೆದವ್ರಂತೆ. ಅವಳ ಹೆಸರು ಎಲ್ಲಾದ್ರೂ ಹಾಕಿದ್ದೀನಾ? ಸೂಲಗಿತ್ತಿ ಅಂತ ಹಾಕಿದ್ದೀನಿ, ಅಷ್ಟೆ."

"ಊರಲ್ಲಿರೋದು ಒಬ್ಳೇ ಸೂಲಗಿತ್ತಿ."

ಅವರು ಕಷ್ಟದ ಪದ್ಯದ ಅರ್ಥ ಬಿಡಿಸಿ ಹೇಳುವಾಗಿನಷ್ಟೇ ಮೆತ್ತಗೆ ಹೇಳಿದರು: "ನಾನು ಕೇಳಿದ್ರೆ ಒಪ್ಪಲ್ಲ, ನೀನು ಕೇಳು. ಆ ಹುಳುವಿನ ವಿಷ್ಯ ಇವತ್ತಿನವರ್ಗೂ ನಾನು ಯಾರ ಹತ್ರನೂ ಬಾಯಿ ಬಿಟ್ಟಿಲ್ಲ. ಅಲ್ವೇನಪ್ಪಾ?"

ಶಾಯಿ ಪ್ಯಾಡು, ಆ ಹದಿನೆಂಟರ ಹೇಳಿಕೆ ಬರೆದ ಕಾಗದ ನನ್ನ ಕೈಗೆ ಬಂದವು. ನಾನು ಹಿಡಿದುಕೊಂಡೆ. ಹಿಡಿದುಕೊಂಡೆ ಎಂಬುದನ್ನು ಮರೆಮಾಚಿ ಬರೆಯುವುದಕ್ಕೆ ಆಗುವುದಿಲ್ಲ.

ಜಗಲಿಯಲ್ಲಿ ಗುಸುಗುಸು ನಡೆದಿತ್ತು. ಗಂಗುಲಪ್ಪ ನನ್ನ ತೋಳು ಹಿಡಿದು ನಿಲ್ಲಿಸಿದ. ಅವನ ಹೆಂಡತಿ ಆ ಹದಿನೆಂಟರಲ್ಲಿ ಒಬ್ಬಳು. ಮೊದಲ ಸಾಲಿನಲ್ಲೇ ಕೂತು ಮಗುವಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದಳು.

"ಮೇಷ್ಟ್ರು ನನ್ನ ಹೆಂಡ್ತೀನೂ ಸಾಯ್ಸವ್ರೆ ಕಣೋ. ಇನ್ನೊಂದು ಮದ್ವೆ ಆಗ್ಲಾ?"

"ಆಗು ಹೋಗು" ಎಂದಳು ಅವಳು ತಿರುಗದೆ. "ನಿನ್ಗೆ ಯಾರು ಕೊಡ್ತಾರೋ ನೋಡಣ."

ಸುತ್ತಲಿನ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಎದ್ದು ನಿಂತು ಸುಳ್ಳು ಎಂದು ಮಾತ್ರ ಯಾರೂ ಹೇಳಲಿಲ್ಲ. ಕೇಂದ್ರ ಎಲ್ಲರಿಗೂ ಬೇಕಿತ್ತು.

ನಾನು ಬೂಬಮ್ಮನ ಎದುರು ಕುಕ್ಕರಗಾಲಲ್ಲಿ ಕೂತೆ.

"ಒಂದು ಹೆಬ್ಬೆಟ್ಟು ಬೂಬಮ್ಮ. ಕೇಂದ್ರ ಬಂದ್ರೆ ನಮ್ಮ ಹೆಣ್ಮಕ್ಕಳಿಗೇ ಒಳ್ಳೇದು."

"ಬರ್ಲಿ. ನಾನು ಬ್ಯಾಡ ಅಂದ್ನಾ? ಒಬ್ಬ ನರ್ಸಮ್ಮ ಬರ್ಲಿ ಅಂತ ದರ್ಗಾದಲ್ಲಿ ಹರಕೆ ಹೊತ್ತೋಳು ನಾನು."

"ಹಂಗಾದ್ರೆ ಒತ್ತು. ಇಲ್ದಿದ್ರೆ ಜೀಪು ಹಂಗೇ ಹೊರಟೋಗುತ್ತೆ."

ಅವಳು ಕಾಗದವನ್ನು ತೊಡೆಯ ಮೇಲೆ ಹರಡಿ, ಓದಲು ಬರುವವಳಂತೆ ನೋಡಿದಳು.

"ಇದ್ರಲ್ಲಿ ನಿನ್ ಶ್ಯಾಮಲಮ್ಮನೂ ಸೇರವ್ಳಾ?"

"ಹೂಂ."

"ನನ್ ಕೈಯಲ್ಲಿ ಸತ್ಲು ಅಂತಾ?"

ಮೇಜಿನ ಕಡೆಯಿಂದ ಮೇಷ್ಟ್ರು ನಮ್ಮಿಬ್ಬರನ್ನೂ ನೋಡುತ್ತಿದ್ದರು.

"ಅವತ್ತು ನಿನ್ ಹುಳದ್ಮನೆ ಬಾಗ್ಲಿಗೆ ಮೂರು ಸಲ ಬಂದೆ, ರಾಮಾಂಜಿ. ಮೂರು ಸಲಾನೂ ನೀನು ಆಯ್ತು, ಆಯ್ತು ಅಂದೆ. ನಾನು ಯಾರ್ಗೂ ಹೇಳಿಲ್ಲ. ಇನ್ಮೇಲೂ ಹೇಳಲ್ಲ, ಅದ್ಕೆ ನೀನು ಹೆದರ್ಬೇಡ."

ಅವಳು ಕಾಗದ ಮಡಿಸಿದಳು. ಪ್ಯಾಡಿನ ಮುಚ್ಚಳ ಮುಚ್ಚಿ, ಎರಡನ್ನೂ ನನ್ನ ಅಂಗೈಯಲ್ಲಿಟ್ಟಳು.

"ಹೆಬ್ಬೆಟ್ಟು ಒತ್ತಲ್ಲ. ಹೋಗು."