ಎರಡು ಚಮಚ ನೀರು

ಮೂಡುಬಿದಿರೆಯ ನರ್ಸಿಂಗ್ ಕಾಲೇಜಿನಲ್ಲಿ ಮೊದಲ ದಿನವೇ ಪಾಠದ ಮೇಡಂ ಒಬ್ಬೊಬ್ಬರನ್ನಾಗಿ ಎಬ್ಬಿಸಿ, ನರ್ಸ್ ಆಗಬೇಕೆಂದು ಹೊರಟದ್ದು ಯಾಕೆ ಎಂದು ಕೇಳಿದ್ದರು. ನಲವತ್ತು ಹುಡುಗಿಯರಲ್ಲಿ ಮೂವತ್ತೊಂಬತ್ತು ಮಂದಿ ಸೇವೆ ಮಾಡಲಿಕ್ಕೆ ಎಂದರು. ಒಬ್ಬಳು ಮಾತ್ರ, ಬೇರೆ ಯಾವುದಕ್ಕೂ ಮಾರ್ಕು ಸಾಕಾಗಲಿಲ್ಲ ಎಂದಳು. ಇಡೀ ತರಗತಿ ನಕ್ಕಿತು. ಸತ್ಯ ಹೇಳಿದವಳಿಗೆ ನಗೆ, ಉರು ಹೊಡೆದದ್ದನ್ನು ಒಪ್ಪಿಸಿದವರಿಗೆ ಶಹಬ್ಬಾಸ್. ಲೋಕ ನಡೆಯುವುದೇ ಹಾಗೆ ತಾನೆ.

ಭವ್ಯಶ್ರೀಯೂ ಸೇವೆ ಎಂದೇ ಹೇಳಿ ಕುಳಿತವಳು. ಆದರೆ ಅವಳನ್ನು ಆ ಬೆಂಚಿಗೆ ತಂದದ್ದು ಒಂದು ಕುರ್ಚಿ. ನೆರಿಯ ಎಂಬ ಹಳ್ಳಿಯ ಅವಳ ಮನೆಗೆ ತಿಂಗಳಿಗೊಮ್ಮೆ ಆರೋಗ್ಯ ಇಲಾಖೆಯ ಸಿಸ್ಟರ್ ಗುಡ್ಡ ಹತ್ತಿ ಬರುತ್ತಿದ್ದರು. ಅಪ್ಪ ತುಕ್ರಪ್ಪ ಪಂಚಾಯತಿನ ಮೆಂಬರು ಬಂದರೂ ಕುಳಿತಲ್ಲಿಂದ ಏಳುವವರಲ್ಲ. ಅಂಥವರು ಸಿಸ್ಟರ್ ಬಂದರೆ ಒಳಗಿನ ಕುರ್ಚಿಯನ್ನು ತಾವೇ ಹೊತ್ತು ತಂದು, ಹೆಗಲ ಬೈರಾಸಿನಿಂದ ಒರೆಸಿ ಕೊಡುತ್ತಿದ್ದರು. ಹೆಣ್ಣೊಬ್ಬಳಿಗೆ ಅಪ್ಪ ಕುರ್ಚಿ ಒರೆಸುವುದನ್ನು ಅವಳು ಬೇರೆಲ್ಲೂ ನೋಡಿರಲಿಲ್ಲ. ತನಗೂ ಅಂಥದ್ದೊಂದು ಕುರ್ಚಿ ಬೇಕು ಎಂದು ಎಂಟನೇ ವಯಸ್ಸಿಗೇ ತೀರ್ಮಾನಿಸಿಬಿಟ್ಟಳು.

ಕೆಲಸ ಸಿಕ್ಕಿದ್ದು ಬಿ.ಸಿ.ರೋಡಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಅಲ್ಲಿ ಅವಳು ಮೊದಲು ಕಲಿತದ್ದು, ನರ್ಸಿಗೆ ಕುರ್ಚಿ ಉಂಟು, ಕೂರಲಿಕ್ಕೆ ಮಾತ್ರ ಪುರುಸೊತ್ತಿಲ್ಲ ಎಂಬುದನ್ನು. ಎರಡನೆಯದು, ರೋಗಿಗೆ ಗುಣವಾದರೆ ಡಾಕ್ಟರರ ಕೈಗುಣ, ಆಗದಿದ್ದರೆ ಸಿಸ್ಟರಿನ ಉದಾಸೀನ. ಬಿಡುಗಡೆಯ ದಿನ ಹಣ್ಣಿನ ಬುಟ್ಟಿ ಡಾಕ್ಟರರ ಕೋಣೆಗೆ ಹೋಗುತ್ತಿತ್ತು. ಬಿಲ್ಲು ಯಾಕೆ ಇಷ್ಟು ಎಂಬ ಜಗಳ ಅವಳ ಮೇಜಿಗೆ ಬರುತ್ತಿತ್ತು. ಆದರೂ, ಸ್ಟ್ರೆಚರಿನಲ್ಲಿ ಬಂದವರೊಬ್ಬರು ಹದಿನೈದು ದಿನದ ಮೇಲೆ ತಮ್ಮ ಕಾಲಿನಲ್ಲೇ ಮೆಟ್ಟಿಲಿಳಿದು, ತಿರುಗಿ ನೋಡಿ ಒಮ್ಮೆ ಕೈಯೆತ್ತಿದರೆ ಅವಳಿಗೆ ವಾರವಿಡೀ ಕಾಲುನೋವು ಗೊತ್ತಾಗುತ್ತಿರಲಿಲ್ಲ. ಹೀಗೆ ನಾಲ್ಕು ವರ್ಷ ಕಳೆಯಿತು. ಆ ಮಳೆಗಾಲ ಮುಗಿಯುವ ಹೊತ್ತಿಗೆ ಮಸ್ಕತ್ತಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಆಯ್ಕೆಯೂ ಆಯಿತು. ಇನ್ನು ಬೇಕಾದದ್ದು, ಇವಳ ಮೇಲೆ ಯಾವ ದೂರೂ ಇಲ್ಲ ಎಂದು ಈಗಿನ ಆಸ್ಪತ್ರೆ ಬರೆದುಕೊಡುವ ಒಂದು ಪತ್ರ ಮಾತ್ರ. ನರ್ಸುಗಳ ಮೇಲ್ವಿಚಾರಕಿ ಕಾಂತಿ ಮೇಡಂ ತಿಂಗಳ ಕೊನೆಗೆ ಕೊಡುತ್ತೇನೆ ಎಂದಿದ್ದರು. ತುಕ್ರಪ್ಪ ಆಗಲೇ ನೆರಿಯದಿಂದ ಗುರುವಾಯನಕೆರೆಯವರೆಗೆ ಸಿಕ್ಕಿದವರಿಗೆಲ್ಲ ಮಗಳು ಮಸ್ಕತ್ತಿಗೆ ಹೋಗುವುದನ್ನು ಹೇಳಿ ಮುಗಿಸಿದ್ದರು.

ಅದೇ ತಿಂಗಳು ನರಿಕೊಂಬಿನ ಅಣ್ಣು ಶೆಟ್ಟರನ್ನು ತಂದು ಮಲಗಿಸಿದರು. ಎಪ್ಪತ್ತನಾಲ್ಕು ವರ್ಷ. ಕರುಳು ಕಟ್ಟಿಕೊಂಡು ಹೊಟ್ಟೆ ಉಬ್ಬಿತ್ತು. ಸೋಮವಾರ ಆಪರೇಷನ್ ಆಯಿತು. ಮೂಗಿಗೆ ನಳಿಗೆ, ಕೈಗೆ ಡ್ರಿಪ್, ಮಂಚದ ತಲೆಯ ಕಡೆ ಬಾಯಿಯಲ್ಲಿ ಏನೂ ಕೊಡಬಾರದು ಎಂಬ ಫಲಕ. ಮಗ ಉಜ್ವಲ್ ದುಬೈಯಲ್ಲಿ ಹೋಟೆಲು ನಡೆಸುವವನು, ವಿಮಾನದ ಟಿಕೇಟಿಗಾಗಿ ಒದ್ದಾಡುತ್ತಿದ್ದ. ಹತ್ತಿರ ಇದ್ದದ್ದು ಹೆಂಡತಿ ಸರಸಕ್ಕ ಒಬ್ಬರೇ.

ಎಚ್ಚರವಾದ ಗಳಿಗೆಯಿಂದ ಶೆಟ್ಟರು ನೀರು ಕೇಳತೊಡಗಿದರು. ಮೊದಲು ಗದರಿಸಿ ಕೇಳಿದರು, ಆಮೇಲೆ ಮಾಮೂಲಾಗಿ ಕೇಳಿದರು, ಬುಧವಾರದ ಹೊತ್ತಿಗೆ ಬೇಡತೊಡಗಿದರು. ನೂರು ಮಂದಿಗೆ ಕೆಲಸ ಹೇಳಿ ಅಭ್ಯಾಸವಿದ್ದ ಆ ಗಂಟಲಿನಿಂದ ಸಣ್ಣ ಸ್ವರದಲ್ಲಿ "ಒಂತೆ ನೀರ್ ಕೊರ್ಲ ಮಗಾ" ಎಂಬ ತುಳು ಮಾತು ಹೊರಡುತ್ತಿತ್ತು. ಒಂದು ಚೂರು ನೀರು. ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಮನೆಯ ಹಿಂದೆಯೇ ನೇತ್ರಾವತಿ ಹರಿಯುವ ಊರಿನವರು.

ಕೊಡುವ ಹಾಗಿರಲಿಲ್ಲ. ಹೊಲಿದ ಕರುಳಿಗೆ ನೀರು ಇಳಿದರೆ ವಾಂತಿಯಾಗಬಹುದು, ವಾಂತಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಇದನ್ನು ಅವಳು ಸರಸಕ್ಕನಿಗೆ ಹತ್ತು ಸಲ ಬಿಡಿಸಿ ಹೇಳಿದಳು. ಅವರು ಹತ್ತು ಸಲವೂ ತಲೆಯಾಡಿಸಿ, ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡರು. ವಾರ್ಡಿನ ಆಯಾ ಪೂವಮ್ಮ ಮೂವತ್ತು ವರ್ಷ ಸಾವುಗಳನ್ನು ಕಂಡ ಹೆಂಗಸು. ಅವಳು ನೆಲ ಒರೆಸುತ್ತಾ, ಈ ಮುಖ ತನಗೆ ಸರಿ ಕಾಣುವುದಿಲ್ಲ, ಒಂದು ಚಮಚ ಬಿಟ್ಟರೆ ಯಾರ ಗಂಟೂ ಹೋಗುವುದಿಲ್ಲ ಎಂದಳು. ಆರ್ಡರ್ ಉಂಟು ಪೂವಮ್ಮ ಎಂದು ಭವ್ಯಶ್ರೀ ಅವಳ ಬಾಯಿ ಮುಚ್ಚಿಸಿದಳು.

ಗುರುವಾರ ಬೆಳಿಗ್ಗೆ, ಹಿಂದಿನ ದಿನದಿಂದ ಏನೂ ತಿನ್ನದ ಸರಸಕ್ಕನನ್ನು ಅವಳೇ ಒತ್ತಾಯ ಮಾಡಿ ಕ್ಯಾಂಟೀನಿಗೆ ಕಳಿಸಿದಳು. ನಾನು ಇದ್ದೇನಲ್ಲ, ನೀವು ಎರಡು ಇಡ್ಲಿ ತಿಂದು ಬನ್ನಿ ಎಂದಳು. ಅವರು ಹೋದ ಮೇಲೆ ಶೆಟ್ಟರು ಮತ್ತೆ ಮತ್ತೆ ಕೇಳಿದರು. ಅವಳು ಒದ್ದೆ ಮಾಡಿದ ಗಾಜ್ ಬಟ್ಟೆಯಿಂದ ಅವರ ಒಡೆದ ತುಟಿಗಳನ್ನು ಒರೆಸಿದಳು. ಅಷ್ಟಕ್ಕೆ ಅನುಮತಿಯಿತ್ತು. ಶೆಟ್ಟರು ಬಟ್ಟೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಚೀಪತೊಡಗಿದರು. ಬಿಡಿ ಎಂದಳು, ಬಿಡಲಿಲ್ಲ. ಕೊನೆಗೆ ಒಂದು ಕೈಯಲ್ಲಿ ದವಡೆ ಒತ್ತಿ, ಇನ್ನೊಂದರಿಂದ ಎಳೆದು ತೆಗೆದಳು. ಅವರು ಅವಳನ್ನು ನೋಡಿದರು, ಬೈಯಲಿಲ್ಲ. ಮುಖವನ್ನು ಗೋಡೆಯ ಕಡೆ ಹೊರಳಿಸಿದರು.

ಪಕ್ಕದ ಮಂಚದ ಡ್ರಿಪ್ ಬದಲಿಸಿ ಬರುವಷ್ಟರಲ್ಲಿ ಶೆಟ್ಟರ ಮೈ ಬೆವರಿ ತಣ್ಣಗಾಗುತ್ತಿತ್ತು. ಡಾಕ್ಟರರು ಓಡಿ ಬಂದರು. ಅರ್ಧ ಗಂಟೆ ಎದೆ ಒತ್ತಿದರು, ಭವ್ಯಶ್ರೀಯೂ ಒತ್ತಿದಳು, ಹೋದ ಜೀವ ಬರಲಿಲ್ಲ. ಹೃದಯಾಘಾತ ಎಂದು ಬರೆದಾಯಿತು.

ಸರಸಕ್ಕ ಪರದೆ ಸರಿಸಿ ಬಂದವರು ಅಳಲಿಲ್ಲ. ಗಂಡನ ಮುಖ ನೋಡಿದರು, ಆಮೇಲೆ ಇವಳನ್ನು.

"ನೀರು ಕೇಳಿದ್ರಾ?"

ಕೇಳಿದ್ರು ಎಂದಳು ಭವ್ಯಶ್ರೀ.

ಮುಂದಿನ ಪ್ರಶ್ನೆಯನ್ನು ಸರಸಕ್ಕ ಬಾಯಿಬಿಟ್ಟು ಕೇಳಲೇ ಇಲ್ಲ. ಆದರೆ ಆ ಮುಖದ ಮೇಲೆ ಅದು ಬರೆದಿತ್ತು. ಬಾಯಿಗೆ ನೀರು ಬೀಳದೆ ಹೋದವರ ದಾಹ ಹೋದ ಮೇಲೂ ಆರುವುದಿಲ್ಲ ಎಂದು ನಂಬಿದ ಹೆಂಗಸು. ಮಗ ದೂರದಲ್ಲಿ, ತಾನು ಇಡ್ಲಿಯ ಮುಂದೆ; ನೀರು ಬಿಡಬೇಕಾದ ಕೈಗಳೆರಡೂ ಹತ್ತಿರ ಇರಲಿಲ್ಲ. ಇಡ್ಲಿ ತಿನ್ನಲು ಕಳಿಸಿದವಳು ತಾನು ಎಂಬುದು ಭವ್ಯಶ್ರೀಗೆ ನೆನಪಾಯಿತು.

"ಕೊಟ್ಟೆ ಅಮ್ಮ. ಎರಡು ಚಮಚ. ಕುಡಿದ್ರು" ಎಂದುಬಿಟ್ಟಳು.

ಸರಸಕ್ಕ ಅವಳ ಎರಡೂ ಕೈಗಳನ್ನು ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡು, ಮಗಳೇ, ಮಗಳೇ ಎಂದು ಅತ್ತರು. ನಾಲ್ಕು ವರ್ಷದಲ್ಲಿ ಅವಳ ಕೈಗೆ ಅಂಥ ಮರ್ಯಾದೆ ಯಾರೂ ಕೊಟ್ಟಿರಲಿಲ್ಲ, ಅದೂ ಆ ಕೈ ಮಾಡದ ಕೆಲಸಕ್ಕೆ. ಕೈ ಬಿಡಿಸಿಕೊಳ್ಳುವ ಧೈರ್ಯ ಅವಳಿಗೆ ಬರಲಿಲ್ಲ. ಸಂಜೆ ಹಾಸ್ಟೆಲಿನ ಬಚ್ಚಲಲ್ಲಿ ಅವಳು ತುಂಬಾ ಹೊತ್ತು ಆ ಕೈಗಳನ್ನು ತೊಳೆದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೊಜ್ಜದ ದಿನ, ಉತ್ತರಕ್ರಿಯೆಗೆ ಬಂದ ನೆಂಟರಿಷ್ಟರಿಗೆಲ್ಲ ಸರಸಕ್ಕ ಹೇಳಿದರು: ಯಾವ ಊರಿನ ಹುಡುಗಿಯೋ, ಹೊಟ್ಟೆಯ ಮಗಳ ಹಾಗೆ ಕೊನೆಯ ಗುಟುಕು ಕೊಟ್ಟಳು, ನಮ್ಮವರು ಬಾಯಾರಿ ಹೋಗಲಿಲ್ಲ. ನೆಂಟರು ತಲೆದೂಗಿದರು. ಮಗ ತಲೆದೂಗಲಿಲ್ಲ. ಸಮಯಕ್ಕೆ ವಿಮಾನ ಸಿಗದೆ ತಂದೆಯ ಮುಖ ಕಾಣಲಾಗದ ಮಗನಿಗೆ ಸಿಟ್ಟು ಯಾರ ಮೇಲಾದರೂ ಬರಲೇಬೇಕಿತ್ತು. ನೀರು ಕೊಡಬಾರದು ಎಂದು ಫಲಕ ಹಾಕಿದ ಮೇಲೆ ಕೊಟ್ಟದ್ದು ಹೇಗೆ? ಅದಕ್ಕೇ ಹೋದದ್ದಲ್ಲವೇ? ಉಜ್ವಲ್ ಮರುದಿನವೇ ಆಸ್ಪತ್ರೆಗೆ ದೂರು ಬರೆದ. ಅಲ್ಲಿ ನ್ಯಾಯ ಸಿಗದಿದ್ದರೆ ನರ್ಸಿಂಗ್ ಕೌನ್ಸಿಲಿಗೆ ಹೋಗುತ್ತೇನೆ ಎಂದೂ ಬರೆದಿದ್ದ.

ಕಾಂತಿ ಮೇಡಂ ಅವಳನ್ನು ಕರೆಸಿ ಕೇಸ್ ಶೀಟ್ ಬಿಡಿಸಿಟ್ಟರು. ಗಂಟೆ ಗಂಟೆಗೂ ಭವ್ಯಶ್ರೀಯದೇ ದುಂಡು ಅಕ್ಷರ: ಬಾಯಿಯಲ್ಲಿ ಏನೂ ಕೊಟ್ಟಿಲ್ಲ, ತುಟಿ ಒರೆಸಿದೆ. ಮೇಡಂ ಕೇಳಿದ್ದು ಒಂದೇ ಪ್ರಶ್ನೆ, ಬರೆದದ್ದು ಸುಳ್ಳೋ ಹೇಳಿದ್ದು ಸುಳ್ಳೋ. ಹೇಳಿದ್ದು ಎಂದಾಗ ಅವರು ಹಣೆ ಒತ್ತಿಕೊಂಡರು.

"ಹಾಗಾದ್ರೆ ನಾಳೆ ಅವರೆದುರು ಅದನ್ನೇ ಹೇಳು. ಇಲ್ಲದಿದ್ರೆ ಮಸ್ಕತ್ ಬಿಡು, ಇಲ್ಲಿ ಕೂಡ ನಿನ್ನನ್ನು ಇಟ್ಟುಕೊಳ್ಳಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

ಆ ಸಂಜೆ ಅವಳು ಮನೆಗೆ ಫೋನ್ ಮಾಡಿದಳು. ಅಮ್ಮ ನೀಲಾವತಿಗೆ ಅರ್ಧ ಹೇಳಿದಳು, ಅರ್ಧ ನುಂಗಿದಳು. ಅಮ್ಮ, ತಪ್ಪು ಮಾಡದವಳಿಗೆ ನಿಜ ಹೇಳಲು ಎಂತ ಹೆದರಿಕೆ ಎಂದರು. ತಾಯಂದಿರಿಗೆ ಎಲ್ಲವೂ ಸಲೀಸು. ನಿಜ ಹೇಳಿದರೆ ಒಬ್ಬ ಮುದುಕಿಯ ನೆಮ್ಮದಿ ಹೋಗುತ್ತದೆ, ಹೇಳದಿದ್ದರೆ ತನ್ನ ಹೆಸರೇ ಹೋಗುತ್ತದೆ. ಅತ್ತ ದರಿ, ಇತ್ತ ಹುಲಿ. ಭವ್ಯಶ್ರೀ ಫೋನಿಟ್ಟು, ಯಾವುದನ್ನು ಉಳಿಸುವುದು ಎಂದು ತೀರ್ಮಾನಿಸಲಾಗದೆ ಮಲಗಿದಳು.

ಮರುದಿನ ಹನ್ನೊಂದು ಗಂಟೆಗೆ ಮೇಡಂ ಕೋಣೆಯಲ್ಲಿ ಎಲ್ಲರೂ ಸೇರಿದರು. ಡಾಕ್ಟರರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ; ನೀರು ಕೊಟ್ಟದ್ದು ನಿಜವಾದರೆ ಅದು ಶ್ವಾಸಕೋಶಕ್ಕೆ ಹೋಗಿರುವ ಸಾಧ್ಯತೆಯನ್ನು ತಳ್ಳಿಹಾಕಲು ಬರುವುದಿಲ್ಲ ಎಂದರು. ಅಂದು ಹೃದಯಾಘಾತ ಎಂದು ತಾವೇ ಬರೆದದ್ದನ್ನು ಅವರು ನೆನಪಿಸಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಉಜ್ವಲ್ ಕೂರದೆ ಗೋಡೆಗೆ ಒರಗಿ ನಿಂತಿದ್ದ. ಕೆಟ್ಟವನಲ್ಲ, ಕಣ್ಣು ಕೆಂಪಾಗಿತ್ತು.

ಡಾಕ್ಟರರ ಬೆನ್ನಿಗೇ ಮಾತಾಡಿದವರು ಸರಸಕ್ಕ. ಅವರು ಮಗನ ಜೊತೆ ಬಂದದ್ದು ಮಗನ ಪರವಾಗಿ ಅಲ್ಲ ಎಂಬುದು ಆಗಲೇ ಎಲ್ಲರಿಗೂ ಗೊತ್ತಾದದ್ದು.

"ಇವಳ ಮೇಲೆ ಏನೂ ಮಾಡಬೇಡಿ. ಇವಳು ನೀರು ಕೊಟ್ಟದ್ದರಿಂದಲೇ ಹೋದದ್ದು ಅಂತಾದ್ರೂ ನನಗೆ ಬೇಜಾರಿಲ್ಲ. ಬಾಯಾರಿ ಹೋಗಲಿಲ್ಲ ಅಲ್ಲವಾ, ನನಗೆ ಅಷ್ಟು ಸಾಕು. ಅದೊಂದು ಇಲ್ಲದಿದ್ರೆ ಈ ಹದಿನೈದು ದಿನ ನನ್ನ ಗಂಟಲಲ್ಲಿ ಏನೂ ಇಳಿಯುತ್ತಿರಲಿಲ್ಲ."

ಹೀಗೆ ಹೇಳಿ ಅವರು ಭವ್ಯಶ್ರೀಯ ಕಡೆ ನೋಡಿ, ಹೆದರಬೇಡ ಎಂಬಂತೆ ಸಣ್ಣಗೆ ನಕ್ಕರು. ಅಷ್ಟು ಹೊತ್ತು ಅವಳಿಗಿದ್ದ ಧೈರ್ಯವೆಲ್ಲ ಆ ನಗೆಗೆ ಕರಗಿತು. ಕೊಟ್ಟೆ ಎಂದುಬಿಡಲೇ ಎಂದು ಒಂದು ಗಳಿಗೆ ಯೋಚಿಸಿದಳು. ಅಷ್ಟರಲ್ಲಿ ಉಜ್ವಲ್, ಕೊಟ್ಟೆಯೋ ಇಲ್ಲವೋ, ಒಂದು ಮಾತು ಹೇಳು ಎಂದ. ಗುರುವಾಯನಕೆರೆಯವರೆಗೆ ಮಾತು ಹಂಚಿ ಬಂದ ಅಪ್ಪನ ಮುಖ ಅವಳ ಕಣ್ಣೆದುರು ಬಂತು. ಕೌನ್ಸಿಲಿನಿಂದ ಬರಬಹುದಾದ ಕಾಗದವೂ ಬಂತು. ಅವಳು ನೆಲ ನೋಡಿದಳು.

"ನಾನು ನೀರು ಕೊಡಲಿಲ್ಲ ಅಮ್ಮ. ನಿಮಗೆ ಸಮಾಧಾನ ಆಗಲಿ ಅಂತ ಹಾಗೆ ಹೇಳಿದೆ."

ಮುಂದಿನದ್ದೆಲ್ಲ ಐದು ನಿಮಿಷದಲ್ಲಿ ಮುಗಿಯಿತು. ಡಾಕ್ಟರರು ಹಗುರಾಗಿ ಎದ್ದು, ರೌಂಡ್ಸ್ ಉಂಟು ಎಂದು ಹೋದರು. ಕಾಂತಿ ಮೇಡಂ ಕೇಸ್ ಶೀಟ್ ಮುಚ್ಚಿದರು. ಬೆಂಕಿ ಹೊತ್ತುಕೊಂಡು ಬಂದಿದ್ದ ಉಜ್ವಲನಿಗೆ ಅದನ್ನು ಇಡಲು ಜಾಗವಿಲ್ಲದೆ, ದೂರು ವಾಪಸು ಪಡೆಯುತ್ತೇನೆ ಎಂದಷ್ಟೇ ಹೇಳಲು ಸಾಧ್ಯವಾಯಿತು. ಸರಸಕ್ಕನ ನಗೆ ಮುಖದಲ್ಲಿ ಹಾಗೆಯೇ ಸ್ವಲ್ಪ ಹೊತ್ತು ಇತ್ತು, ತೆಗೆಯಲು ಮರೆತವರಂತೆ.

ಭವ್ಯಶ್ರೀಗೆ ಆ ದಿನ ಗೆದ್ದ ಸಂತೋಷ ಎಳ್ಳಷ್ಟೂ ಇರಲಿಲ್ಲ. ಸತ್ಯ ಹೇಳಿದವಳಿಗೆ ಹೀಗೆ ಕಳ್ಳಿಯ ಹಾಗೆ ಯಾಕನಿಸಬೇಕು ಎಂದು ಅವಳಿಗೆ ಅರ್ಥವಾಗಲಿಲ್ಲ. ಕೋಣೆಯ ಹೊರಗೆ, ವೆರಾಂಡದಲ್ಲಿ, ಸರಸಕ್ಕ ಮಗನ ಕೈ ಬಿಡಿಸಿಕೊಂಡು ಅವಳಿಗಾಗಿ ನಿಂತಿದ್ದರು.

"ನಾನು ಕ್ಯಾಂಟೀನಿಗೆ ಹೋದ ಮೇಲೆ ಎಷ್ಟು ಸಲ ಕೇಳಿದ್ರು?"

ಡ್ರಿಪ್ಪಿನ ಹನಿ, ಮೂತ್ರದ ಅಳತೆ, ನಾಡಿಯ ಬಡಿತ, ಎಲ್ಲಕ್ಕೂ ಆ ಹಾಳೆಯಲ್ಲಿ ಒಂದೊಂದು ಕಾಲಂ ಇತ್ತು. ಇದಕ್ಕೆ ಇರಲಿಲ್ಲ. ಆದರೂ ಅವಳಿಗೆ ಲೆಕ್ಕ ಸರಿಯಾಗಿ ನೆನಪಿತ್ತು. ಹಲ್ಲಿಗೆ ಸಿಕ್ಕಿದ ಬಟ್ಟೆಯೂ ನೆನಪಿತ್ತು.

"ಒಂದೇ ಸಲ ಅಮ್ಮ. ಆಮೇಲೆ ನಿದ್ರೆ ಹೋದ್ರು. ಗೊತ್ತೇ ಆಗಲಿಲ್ಲ ಅವರಿಗೆ" ಎಂದಳು.

ಸರಸಕ್ಕ ಅವಳ ಮುಖವನ್ನು ತುಂಬಾ ಹೊತ್ತು ನೋಡಿದರು. ನಂಬಬೇಕೆಂಬ ಆಸೆ ಆ ಕಣ್ಣುಗಳಲ್ಲಿತ್ತು, ನಂಬಲು ಮಾತ್ರ ಆಗುತ್ತಿರಲಿಲ್ಲ.

"ನನ್ನೆದುರೇ ಎಷ್ಟು ಸಲ ಕೇಳಿದ್ದಾರೆ, ಸಿಸ್ಟರ್" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಮೆಟ್ಟಿಲ ಹತ್ತಿರ ಉಜ್ವಲ್ ಅವರನ್ನು ಬೆಂಚಿನ ಮೇಲೆ ಕೂರಿಸಿ, ಮೂಲೆಯ ಫಿಲ್ಟರಿನಿಂದ ಗ್ಲಾಸಿನಲ್ಲಿ ನೀರು ಹಿಡಿದು ತಂದು ಕೊಟ್ಟ. ಸರಸಕ್ಕ ಅದನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡು, ಬಾಯಿಯ ಹತ್ತಿರ ತಂದು, ಕುಡಿಯದೆ ಕೆಳಗಿಟ್ಟರು.